‘ಗೊತ್ತಿಲ್ಲ’ ಎಂದು ಹೇಳುವ ಧೈರ್ಯ ಮನೆಯಲ್ಲೇ ಬರಲಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ, ಸಿಇಟಿ ರ‍್ಯಾಂಕು, ನೀಟ್ ಅಂಕ, ಅದಾದ ಮೇಲೆ ಸೀಟು ಹಂಚಿಕೆಯ ಸುತ್ತುಗಳು. ಬೇಸಿಗೆಯಿಂದ ಶ್ರಾವಣದವರೆಗೆ ದಾವಣಗೆರೆಯ ಮನೆಗಳಲ್ಲಿ ಮಾತೆಂದರೆ ಇವೇ. ಅದೇ ಹೊತ್ತಿಗೆ ಚಳ್ಳಕೆರೆ, ಹಿರಿಯೂರು ಕಡೆ ಶೇಂಗಾ ಬೀಜ ತಂದಿಟ್ಟುಕೊಂಡವರು ಮುಗಿಲು ನೋಡುತ್ತಿರುತ್ತಾರೆ. ಈ ದಿನಗಳಲ್ಲಿ ಪತ್ರಿಕೆಗಳ ತುಂಬ ‘ಧೈರ್ಯವಾಗಿರಿ’, ‘ಚಿಂತೆ ಬಿಡಿ’, ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಲೇಖನಗಳು. ಉದ್ದೇಶ ಒಳ್ಳೆಯದೇ, ಆದರೆ ಬಿಡುವುದು ಹೇಗೆ ಎಂದು ಹೇಳುವವರಿಲ್ಲ. ಕಾಲೇಜುಗಳಲ್ಲಿ ಆಪ್ತಸಮಾಲೋಚನೆಯ ಕೆಲಸ ಮಾಡುವ ನಾವು ಕೆಲವರು ಕೂತು ಈ ಪತ್ರ ಬರೆದಿದ್ದೇವೆ. ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ಮೊದಲ ಭಾಗಕ್ಕೆ ಹಾಕಿ, ಮನೆಯಲ್ಲಿ ಏನು ಮಾಡಬೇಕೆಂದು ಹೇಳಿರುವ ಭಾಗ ಉಳಿಸಿ.

ಕೆಟ್ಟದ್ದು ಆಗೇ ಆಗುತ್ತದೆ ಎಂದು ಗೊತ್ತಿರುವುದಕ್ಕಿಂತ, ಆಗುತ್ತೋ ಇಲ್ಲವೋ ಎಂಬುದೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲಿನ ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಊಹಿಸಲು ಹೇಳಿದರು. ಹಾವು ಬಂದರೆ ಕೈಗೆ ನೋವಾಗುವಷ್ಟು ಷಾಕ್. ಆಡುವವರ ಬೆವರು, ಕಣ್ಣಿನ ಪಾಪೆ ಹಿಗ್ಗುವುದು, ‘ಈಗ ಎಷ್ಟು ಒತ್ತಡ’ ಎಂಬ ಪ್ರಶ್ನೆಗೆ ಅವರ ಉತ್ತರ, ಎಲ್ಲ ದಾಖಲಾಯಿತು. ಷಾಕ್ ಹೊಡೆಯುವುದೇ ಇಲ್ಲ ಎಂದಾಗ ಒತ್ತಡ ಕಡಿಮೆ. ಹೊಡೆದೇ ಹೊಡೆಯುತ್ತದೆ ಎಂದಾಗಲೂ ಕಡಿಮೆಯೇ. ಅರ್ಧಕ್ಕರ್ಧ ಸಾಧ್ಯತೆ ಇದ್ದಾಗ ಮಾತ್ರ ನೆತ್ತಿಗೇರಿತ್ತು. ‘ಫೇಲ್ ಅಂತಾದ್ರೂ ಹೇಳ್ಬಿಡ್ಲಿ ಸರ್, ಈ ಕಾಯೋದು ಆಗಲ್ಲ’ ಎನ್ನುವ ಹುಡುಗರು ಬಾಯಿಗೆ ಬಂದಂತೆ ಮಾತಾಡುತ್ತಿಲ್ಲ, ತಮಗೆ ಆಗುತ್ತಿರುವುದನ್ನೇ ಹೇಳುತ್ತಿದ್ದಾರೆ.

ಈ ಸಂಕಟ ತಡೆಯಲಾರದೆ ಜನ ಮಾಡುವುದೇನು? ಫಲಿತಾಂಶದ ಜಾಲತಾಣವನ್ನು ಹತ್ತು ನಿಮಿಷಕ್ಕೊಮ್ಮೆ ತೆರೆಯುವುದು. ಕಳೆದ ವರ್ಷದ ಕಟಾಫ್ ಪಟ್ಟಿಯನ್ನು ಮತ್ತೆ ಮತ್ತೆ ತಿರುವುವುದು. ಒಂದೇ ಪ್ರಶ್ನೆಯನ್ನು ಲೆಕ್ಚರರಿಗೆ, ಮಾವನಿಗೆ, ಪಕ್ಕದ ಮನೆಯ ಎಂಜಿನಿಯರಿಗೆ ಕೇಳಿ, ಉತ್ತರಗಳು ತಾಳೆಯಾಗದಿದ್ದರೆ ನಾಲ್ಕನೆಯವರಿಗೆ ಫೋನ್ ಮಾಡುವುದು. ಜಾತಕ ತೋರಿಸುವುದು. ಇನ್ನು ಕೆಲವರು ಇದಕ್ಕೆ ತಿರುಗಾಮುರುಗಾ: ಅರ್ಜಿಯನ್ನೇ ತುಂಬುವುದಿಲ್ಲ, ಇಮೇಲ್ ತೆರೆಯುವುದಿಲ್ಲ, ‘ನಾಳೆ ನೋಡಿದರಾಯಿತು’ ಎಂದು ಮುಂದೂಡುತ್ತಾರೆ. ನೋಡುವವರಿಗೆ ಒಬ್ಬ ಅತಿ ಜಾಗರೂಕ, ಇನ್ನೊಬ್ಬ ಸೋಮಾರಿ. ಇಬ್ಬರೂ ಓಡುತ್ತಿರುವುದು ಒಂದರಿಂದಲೇ. ಮತ್ತೆ ಮತ್ತೆ ಕೇಳಿದಾಗ ಐದು ನಿಮಿಷ ಹಗುರವಾಗುತ್ತದೆ. ಕೇಳಿದ್ದರಿಂದಲೇ ಹಗುರವಾಯಿತು ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಕೇಳಬೇಕೆನಿಸುತ್ತದೆ. ಕೇಳದೆ ಸುಮ್ಮನಿದ್ದರೂ ಆ ಸಂಕಟ ತಾನಾಗಿ ಇಳಿಯುತ್ತದೆ ಎಂದು ಕಲಿಯುವ ಅವಕಾಶವೇ ಮನಸ್ಸಿಗೆ ಸಿಗುವುದಿಲ್ಲ. ರೋಗ ಇರುವುದು ಇಲ್ಲಿ.

ಕೆನಡಾದ ಕ್ವಿಬೆಕ್ ಪ್ರಾಂತದ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಇದನ್ನು ಬಿಡಿಸಿ ನೋಡುತ್ತ ಬಂದಿದ್ದಾರೆ. ಅನಿಶ್ಚಿತತೆಯನ್ನು ಒಬ್ಬರು ಎಷ್ಟು ತಾಳಬಲ್ಲರು ಎಂದು ಅಳೆಯುವ 27 ಪ್ರಶ್ನೆಗಳ ಪಟ್ಟಿ 1994ರಲ್ಲಿ ಬಂತು. 2007ರಲ್ಲಿ ಬೇರೆ ಸಂಶೋಧಕರು ಅದನ್ನು 12ಕ್ಕೆ ಇಳಿಸಿದರು. ಅತಿಯಾಗಿ ಚಿಂತಿಸುವವರಲ್ಲಿ ಈ ತಾಳಿಕೆ ಕಡಿಮೆ ಎಂಬುದು ಕ್ವಿಬೆಕ್‌ನವರ ಮುಖ್ಯ ಮಾತು. ಅದರ ಜೊತೆಗೇ ಅವರು ಹೇಳುವ ಇನ್ನೊಂದು ಸಂಗತಿ ನಮ್ಮೂರಿಗೆ ಚೆನ್ನಾಗಿ ಒಪ್ಪುತ್ತದೆ. ಚಿಂತೆಯಿಂದ ಉಪಯೋಗವಿದೆ ಎಂದು ನಂಬಿದವರು ಚಿಂತೆಯನ್ನು ಬಿಡುವುದಿಲ್ಲ. ಮಗಳ ಸೀಟಿನ ಬಗ್ಗೆ ನಿದ್ದೆಗೆಡದ ಅಪ್ಪನನ್ನು ‘ಅವನಿಗೇನು ಜವಾಬ್ದಾರಿ ಇದೆಯೇ’ ಎಂದು ನೆಂಟರು ಕೇಳುತ್ತಾರೆ. ಅಮ್ಮ ಊಟ ಬಿಟ್ಟರೆ ಅದು ಪ್ರೀತಿ. ಹೀಗೆ ಚಿಂತೆಗೆ ಮರ್ಯಾದೆ ಸಿಕ್ಕಿಬಿಟ್ಟರೆ ಅದನ್ನು ಕೆಳಗಿಡಲು ಯಾರಿಗೆ ಮನಸ್ಸು ಬರುತ್ತದೆ?

‘ನೀವು ಚಿಂತಿಸುವ ನೂರರಲ್ಲಿ ತೊಂಬತ್ತೊಂದು ಆಗುವುದೇ ಇಲ್ಲ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ಮೂಲ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಪರೀತ ಚಿಂತೆಯ ಕಾಯಿಲೆ ಇದ್ದ 29 ಜನ ತಮ್ಮ ಚಿಂತೆಗಳನ್ನು ಬರೆದಿಟ್ಟು, ಮುಂದೆ ಏನಾಯಿತೆಂದು ತಾಳೆ ನೋಡಿದರು. ಶೇ 91.4ರಷ್ಟು ನಿಜವಾಗಲಿಲ್ಲ. ಒಳ್ಳೆಯ ಅಧ್ಯಯನ. ಆದರೆ ಅದು ಕಾಯಿಲೆ ಇದ್ದವರ ಚಿಂತೆಯ ಲೆಕ್ಕ, ಜಗತ್ತಿನ ಲೆಕ್ಕವಲ್ಲ. ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ಹೋಗಿ ‘ನೂರಕ್ಕೆ ತೊಂಬತ್ತೊಂದು ಪಾಲು ನಿನ್ನ ಚಿಂತೆ ಸುಳ್ಳು’ ಎಂದರೆ ಆತ ನಗುತ್ತಾನೆ. ಮಳೆ ಕೈಕೊಡುವುದು ಅಲ್ಲಿ ಭ್ರಮೆಯಲ್ಲ, ವರ್ಷಗಟ್ಟಲೆ ಕಂಡದ್ದು. ಸಾವಿರ ಸೀಟಿಗೆ ಲಕ್ಷ ಜನ ಬರೆದಾಗ ಸೀಟು ಸಿಗದಿರುವುದೂ ಅಷ್ಟೇ. ಆದ್ದರಿಂದ ‘ಏನೂ ಆಗಲ್ಲ ಬಿಡು’ ಎಂಬ ಭರವಸೆಯ ಮೇಲೆ ಏನನ್ನೂ ಕಟ್ಟಬಾರದು. ಕೆಟ್ಟದ್ದು ಆಗಬಹುದು, ಹಾಗೆ ಆದಾಗ ಏನು ಮಾಡುತ್ತೇವೆ ಎಂಬುದರ ಮೇಲೆ ಕಟ್ಟಬೇಕು.

ಇನ್ನು ಮನೆಯ ಮಾತು. ಎಲ್ಲಕ್ಕಿಂತ ಹೆಚ್ಚು ಬದಲಾಗಬೇಕಾದದ್ದು ದೊಡ್ಡವರ ಉತ್ತರ. ಸಾಮಾನ್ಯವಾಗಿ ಹೀಗಿರುತ್ತದೆ:

‘ಅಪ್ಪಾಜಿ, ಸೀಟು ಸಿಗ್ತತಲ್ಲ?’

‘ಸಿಕ್ಕೇ ಸಿಗ್ತತಿ ಬಿಡಲೇ.’

ಹತ್ತು ನಿಮಿಷ ಬಿಟ್ಟು ಮತ್ತೆ, ‘ಅಲ್ಲ, ಕಟಾಫ್ ಏರಿದ್ರೆ?’ ಅಪ್ಪ ಈ ಸಲ ಸ್ವಲ್ಪ ಜೋರಾಗಿ, ‘ಏರಲ್ಲ ಅಂದ್ನಲ್ಲ!’ ಮೂರನೇ ಸಲ ಕೇಳಿದಾಗ ಬೈಗುಳ. ಮೊದಲೆರಡು ಉತ್ತರಗಳು ಸುಳ್ಳು ಎಂದು ಹುಡುಗನಿಗೂ ಗೊತ್ತು, ಏಕೆಂದರೆ ಅಪ್ಪನ ಕೈಯಲ್ಲಿ ಕಟಾಫ್ ಇಲ್ಲ. ಬೈಗುಳದ ನಂತರ ಅವನು ಅಪ್ಪನನ್ನು ಕೇಳುವುದು ಬಿಟ್ಟು ಯೂಟ್ಯೂಬನ್ನು ಕೇಳುತ್ತಾನೆ, ಅಲ್ಲಿ ಉತ್ತರ ಹೇಳುವವರಿಗೆ ಬರವಿಲ್ಲ.

ಇದರ ಬದಲು ಉತ್ತರದಲ್ಲಿ ಮೂರು ಸಂಗತಿ ಇರಲಿ: ಗೊತ್ತಿಲ್ಲ ಎಂಬುದು, ಯಾವಾಗ ಗೊತ್ತಾಗುತ್ತದೆ ಎಂಬುದು, ಅಲ್ಲಿಯವರೆಗೆ ಈಗ ಮಾಡಬೇಕಾದ್ದೇನು ಎಂಬುದು. ‘ನಂಗೂ ಗೊತ್ತಿಲ್ಲ ಕಣೋ. ಮೊದಲ ಸುತ್ತಿನ ಪಟ್ಟಿ ಬಂದಾಗ ತಿಳೀತತಿ. ಸಿಗದಿದ್ರೆ ಏನು ಮಾಡೋದು ಅಂತ ಮೊನ್ನೆ ಬರೆದಿಟ್ಟೀವಲ್ಲ, ಅದು ಬೀರುವಿನಾಗೈತಿ. ಈಗ ಊಟಕ್ಕೆ ಬಾ.’ ಎರಡನೇ ಸಲ ಕೇಳಿದರೆ ಹೊಸ ವಿವರಣೆ ಕೊಡಬೇಡಿ. ‘ಇದನ್ನ ಆಗಲೇ ಮಾತಾಡಿದ್ವಿ’ ಎಂದು ಮೆತ್ತಗೆ ಹೇಳಿ, ಮಾತು ಬೇರೆ ಕಡೆ ತಿರುಗಿಸಿ. ಮೊದಲ ಎರಡು ಮೂರು ದಿನ ಹುಡುಗನ ಕಾಟ ಜಾಸ್ತಿಯೇ ಆಗುತ್ತದೆ. ಅಲ್ಲೇ ಬಹಳ ಮನೆಗಳು ಸೋಲುತ್ತವೆ, ಸುಸ್ತಾಗಿ ‘ಸಿಗ್ತತಿ, ಸಿಗ್ತತಿ’ ಎಂದುಬಿಡುತ್ತವೆ. ಹಾಗೆ ಮಾಡಿದರೆ ಇನ್ನಷ್ಟು ಹಟ ಮಾಡಿದರೆ ಉತ್ತರ ಸಿಗುತ್ತದೆ ಎಂದು ಕಲಿಸಿದಂತೆ. ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಅಪ್ಪ ಗೊತ್ತಿಲ್ಲ ಎಂದು, ಅಜ್ಜಿ ಒಳಗೆ ಕರೆದು ‘ನಮ್ಮ ಆಂಜನೇಯ ಕೈಬಿಡಲ್ಲ, ಸಿಕ್ಕೇ ಸಿಗುತ್ತೆ’ ಎಂದರೆ ಕೆಲಸ ಕೆಡುತ್ತದೆ. ಅಜ್ಜಿ ಹರಕೆ ಹೊರಲಿ, ಬೇಡ ಎನ್ನುವುದಿಲ್ಲ. ಗ್ಯಾರಂಟಿ ಕೊಡದಿದ್ದರೆ ಸಾಕು.

ಬೀರುವಿನಲ್ಲಿರುವ ಆ ಹಾಳೆಯ ವಿಷಯ. ಒಂದು ಸಂಜೆ ಕೂತು ಬರೆದರೆ ಮುಗಿಯಿತು. ಎಡಕ್ಕೆ ನಮ್ಮ ಕೈಯಲ್ಲಿರುವುದು: ದಾಖಲೆ, ಜಾತಿ–ಆದಾಯ ಪ್ರಮಾಣಪತ್ರ, ಶುಲ್ಕದ ಹಣ, ಆಯ್ಕೆಗಳ ಪಟ್ಟಿ, ಮುಂದಿನ ಪರೀಕ್ಷೆ ಬರೆಯಬೇಕೇ ಎಂಬ ತೀರ್ಮಾನ. ಪ್ರತಿಯೊಂದರ ಮುಂದೆ ಯಾರು ಮಾಡುತ್ತಾರೆ, ಯಾವ ತಾರೀಖಿಗೆ. ಬಲಕ್ಕೆ ಕೈಯಲ್ಲಿಲ್ಲದ್ದು: ಕಟಾಫ್, ಬೇರೆಯವರ ರ‍್ಯಾಂಕು, ಫಲಿತಾಂಶದ ದಿನ. ಬಲಗಡೆಯ ಪ್ರತಿಯೊಂದರ ಕೆಳಗೆ ‘ಹಾಗಾದರೆ’ ಎಂದು ಒಂದೇ ಸಾಲು. ‘ಎಂಜಿನಿಯರಿಂಗ್ ಸಿಗದಿದ್ದರೆ ಬಿಎಸ್ಸಿ, ಅರ್ಜಿ ಈ ವಾರವೇ.’ ಎರಡನೇ ‘ಹಾಗಾದರೆ’ ಬರೆಯಬೇಡಿ. ಬಿಎಸ್ಸಿಯೂ ಸಿಗದಿದ್ದರೆ, ಅದರಲ್ಲೂ ಫೇಲಾದರೆ ಎಂದು ಕೊಂಡಿ ಕೊಂಡಿಯಾಗಿ ಇಳಿಯುತ್ತ ಹೋಗುವುದನ್ನೇ ಚಿಂತೆ ಎನ್ನುವುದು, ಯೋಜನೆ ಎನ್ನುವುದಿಲ್ಲ.

ತಲೆಗೆ ಬರುವ ಚಿಂತೆಯನ್ನು ‘ಯೋಚಿಸಬೇಡ’ ಎಂದು ತಳ್ಳಿದರೆ ಅದು ಹೋಗುವುದಿಲ್ಲ, ಮುಂದಕ್ಕೆ ಹಾಕಬಹುದು. 1983ರಲ್ಲೇ ಪ್ರಕಟವಾದ ವಿಧಾನವಿದು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಚಿಂತೆಗೆಂದೇ. ನಮ್ಮ ಮನೆಗಳಲ್ಲಿ ಸಂಜೆ ಆರರಿಂದ ಆರೂವರೆ ಅನುಕೂಲ. ಹಾಸಿಗೆ ಬೇಡ, ಓದುವ ಮೇಜೂ ಬೇಡ, ಎರಡಕ್ಕೂ ಚಿಂತೆಯ ವಾಸನೆ ಹತ್ತುತ್ತದೆ. ಜಗಲಿಯ ಕುರ್ಚಿ ಸಾಕು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು ‘ಆರು ಗಂಟೆಗೆ’ ಎಂದುಕೊಂಡು ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಆರಕ್ಕೆ ಕೂತಾಗ ಬರೆದಿಟ್ಟದ್ದರಲ್ಲಿ ಅರ್ಧ ಸಪ್ಪೆ ಎನಿಸುತ್ತದೆ. ಸಪ್ಪೆ ಎನಿಸಿದ್ದನ್ನು ಎಳೆದು ತಂದು ಚಿಂತಿಸಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಇದನ್ನು ಇಟ್ಟುಕೊಂಡವರಿಗೆ ನಿದ್ದೆ ಹಾರುತ್ತದೆ, ಆಮೇಲೆ ವಿಧಾನವನ್ನೇ ದೂರುತ್ತಾರೆ.

ಇಷ್ಟೆಲ್ಲ ಕಾಯುವ ದಿನಗಳನ್ನು ದಾಟಿಸುವ ಉಪಾಯ. ತಾಳಿಕೆ ಬೆಳೆಯುವುದು ಮಾತ್ರ ಅಭ್ಯಾಸದಿಂದ, ಅದೂ ಸಣ್ಣ ಸಣ್ಣ ಅಳತೆಯಲ್ಲಿ. ಗರಡಿಗೆ ಹೋದ ಮೊದಲ ದಿನವೇ ದೊಡ್ಡ ಗುಂಡು ಎತ್ತಿಸುವ ಉಸ್ತಾದ್ ಎಲ್ಲೂ ಇಲ್ಲ. ಮೊದಲು ಹತ್ತು ಹನ್ನೆರಡು ಸಂದರ್ಭಗಳ ಪಟ್ಟಿ ಮಾಡಿ, ಖಚಿತವಾಗಿ ಗೊತ್ತಿಲ್ಲದೆ ಮಾಡಿದರೆ ಎಷ್ಟು ಸಂಕಟವಾಗುತ್ತದೆ ಎಂದು ಪ್ರತಿಯೊಂದಕ್ಕೂ ನೂರರಲ್ಲಿ ಅಂಕ ಹಾಕಬೇಕು. ಇಪ್ಪತ್ತು–ಮೂವತ್ತು ಅಂಕದ್ದರಿಂದ ಶುರು. ರೇಟಿಂಗ್ ನೋಡದೆ ಹೊಸ ಹೋಟೆಲಿನಲ್ಲಿ ಬೆಣ್ಣೆದೋಸೆ ತಿನ್ನುವುದು. ಮನೆಗೆ ಫೋನ್ ಮಾಡದೆ ಸಂತೆಯಲ್ಲಿ ತರಕಾರಿ ಆರಿಸಿ ತರುವುದು. ಬಸ್ಸಿನ ವೇಳೆ ವಿಚಾರಿಸದೆ ನಿಲ್ದಾಣಕ್ಕೆ ಹೋಗಿ ಸಿಕ್ಕ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿಬರುವುದು. ಮೆಸೇಜನ್ನು ಒಂದೇ ಸಲ ಓದಿ ಕಳಿಸುವುದು. ನಲವತ್ತು–ಐವತ್ತರಲ್ಲಿ: ಉತ್ತರ ಖಚಿತವಿಲ್ಲದಿದ್ದರೂ ತರಗತಿಯಲ್ಲಿ ಕೈಯೆತ್ತುವುದು, ಹಾಸ್ಟೆಲಿನಲ್ಲಿರುವ ಮಗಳಿಗೆ ಗಂಟೆಗೊಮ್ಮೆ ಫೋನ್ ಮಾಡುವ ಅಮ್ಮ ರಾತ್ರಿ ಒಂಬತ್ತಕ್ಕೆ ಒಂದೇ ಸಲ ಮಾಡುವುದು. ಎಪ್ಪತ್ತರ ಆಚೆ: ಆಗುತ್ತೋ ಇಲ್ಲವೋ ಎಂಬ ಕೆಲಸಕ್ಕೆ ಅರ್ಜಿ ಹಾಕುವುದು, ಯಾರೂ ಪರಿಚಯವಿಲ್ಲದ ಊರಿನ ತರಬೇತಿಗೆ ಹೋಗುವುದು, ಮೊದಲ ಭಾಷಣ.

ಮಾಡುವ ಮೊದಲು ಎರಡು ಸಾಲು ಬರೆಯಬೇಕು: ಏನಾಗಬಹುದೆಂಬ ಭಯ, ಅದಾಗುವ ಸಾಧ್ಯತೆ ನೂರಕ್ಕೆ ಎಷ್ಟು. ಮಾಡಿದ ಮೇಲೆ ಮೂರು ಸಾಲು: ಏನಾಯಿತು, ಕೆಟ್ಟದ್ದಾಗಿದ್ದರೆ ಎಷ್ಟು ಕೆಟ್ಟದ್ದು, ಹೇಗೆ ನಿಭಾಯಿಸಿದೆ. ವಾರಕ್ಕೆ ಮೂರು ನಾಲ್ಕು. ಒಂದೇ ಮೆಟ್ಟಿಲನ್ನು, ಸಂಕಟದ ಅಂಕ ಅರ್ಧಕ್ಕಿಳಿಯುವವರೆಗೆ ಮಾಡಿ, ಆಮೇಲೆ ಮೇಲಿನದು.

ಇದು ಕೆಡುವ ದಾರಿಗಳೂ ಗೊತ್ತಿರಲಿ. ಹೆಚ್ಚಿನವರು ಎಡವುವುದು ಕಳ್ಳದಾರಿಯಲ್ಲಿ. ಸಂತೆಯಲ್ಲಿ ಫೋನ್ ಮಾಡಲಿಲ್ಲ, ಆದರೆ ಬದನೆಕಾಯಿಯ ಫೋಟೊ ತೆಗೆದು ಹೆಂಡತಿಗೆ ಕಳಿಸಿದರು. ಅಭ್ಯಾಸ ಅಲ್ಲಿಗೆ ಮುಗಿಯಿತು. ಎರಡನೆಯದು ಉತ್ಸಾಹ. ಭಾಷಣ ಕೇಳಿ ಬಂದ ರಾತ್ರಿಯೇ ಕೆಲಸಕ್ಕೆ ರಾಜೀನಾಮೆ ಬರೆಯುವವರಿದ್ದಾರೆ, ಅದು ತೊಂಬತ್ತೈದರ ಮೆಟ್ಟಿಲು. ಮೂರನೆಯದು ಸೂಕ್ಷ್ಮ: ಎಲ್ಲ ಸರಿಹೋದಾಗ ‘ಅದೃಷ್ಟ’ ಎಂದು ಬದಿಗಿಡುವುದು. ಹಾಗೆ ಅನ್ನುವವರಿಗೆ ನಾವು ಹೇಳುವುದು, ಕೆಟ್ಟು ಬಂದ ದಿನವೇ ಹೆಚ್ಚು ಬೆಲೆಯುಳ್ಳದ್ದು ಎಂದು. ದೋಸೆ ಚೆನ್ನಾಗಿರಲಿಲ್ಲ, ಬಸ್ಸು ಒಂದು ಗಂಟೆ ತಡವಾಯಿತು, ಉತ್ತರ ತಪ್ಪಾಗಿ ತರಗತಿ ನಕ್ಕಿತು. ಆಮೇಲೇನಾಯಿತು? ಕಿವಿ ಬಿಸಿಯಾಯಿತು, ಇಳಿಯಿತು, ಮಧ್ಯಾಹ್ನ ಯಾರಿಗೂ ನೆನಪಿರಲಿಲ್ಲ. ಕೆಟ್ಟದ್ದಾದರೂ ನಿಭಾಯಿಸಬಲ್ಲೆ ಎಂಬುದಕ್ಕೆ ಬರಹದಲ್ಲಿರುವ ಸಾಕ್ಷಿ ಇದೊಂದೇ. ಎಲ್ಲ ಸುಸೂತ್ರವಾಗಿ ನಡೆದ ನೂರು ದಿನಗಳೂ ಇದನ್ನು ಕೊಡಲಾರವು.

ಕೆಲವು ವಿಷಯಗಳಲ್ಲಿ ಈ ಅಭ್ಯಾಸ ಕೂಡದು. ಗ್ಯಾಸ್ ರೆಗ್ಯುಲೇಟರ್, ಮಾತ್ರೆಯ ಪ್ರಮಾಣ, ಹೆಲ್ಮೆಟ್, ಎದೆನೋವು, ಸಾಲಪತ್ರದ ಸಹಿ, ಜಮೀನಿನ ಪಹಣಿ, ಇವುಗಳನ್ನು ನೋಡಲೇಬೇಕು. ಒಂದು ಸಲ, ಗಮನವಿಟ್ಟು. ಗ್ಯಾಸ್ ಬಂದ್ ಮಾಡಿದ್ದನ್ನು ಬಾಗಿಲ ತನಕ ಹೋಗಿ ಐದು ಸಲ ಮರಳಿ ನೋಡುವುದು ಬೇರೆಯೇ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ.

ಸಿಇಟಿ ಆಯ್ಕೆ ತುಂಬುವುದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅನಿಶ್ಚಿತತೆ ತಡೆಯಲಾರದೆ ಜನ ನಷ್ಟ ಮಾಡಿಕೊಳ್ಳುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ‘ಆ ಕಾಲೇಜು ನಮಗೆಲ್ಲಿ ಸಿಗುತ್ತೆ’ ಎಂದು ಹುಡುಗಿಗೆ ನಿಜವಾಗಿ ಬೇಕಾದ ಕಾಲೇಜನ್ನು ಪಟ್ಟಿಗೆ ಹಾಕದೆ, ಕಳೆದ ವರ್ಷದ ಕಟಾಫ್‌ಗೆ ಹೊಂದುವುದನ್ನೇ ಮೇಲೆ ಬರೆಯುತ್ತಾರೆ. ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ, ನಿಮಗೆ ಸಲ್ಲುವ ಸೀಟು ಖಾಲಿ ಇರುವ ಮೊದಲ ಆಯ್ಕೆಯನ್ನು ಕೊಡುತ್ತಾರೆ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಅದರಿಂದ ಕಿಂಚಿತ್ತೂ ಧಕ್ಕೆಯಿಲ್ಲ. ಆದ್ದರಿಂದ ಬರೆಯಬೇಕಾದದ್ದು ಆಸೆಯ ಕ್ರಮದಲ್ಲಿ, ಊಹೆಯ ಕ್ರಮದಲ್ಲಲ್ಲ. ನಿಜವಾದ ಅಪಾಯ ಎರಡು ಕಡೆ ಇದೆ. ಪಟ್ಟಿ ತೀರಾ ಚಿಕ್ಕದಾಗಿ ಕೆಳಗೆ ಏನೂ ಇಲ್ಲದಿರುವುದು ಒಂದು. ಹೋಗಲು ಇಷ್ಟವೇ ಇಲ್ಲದ ಕಾಲೇಜನ್ನು ‘ಇರಲಿ’ ಎಂದು ಬರೆದು ಅದೇ ಸಿಗುವುದು ಇನ್ನೊಂದು. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲ ಬಂದಾಗ ಗಾಬರಿಯಾಗಿ ಇಡೀ ಪಟ್ಟಿಯನ್ನು ಬುಡಮೇಲು ಮಾಡುವುದನ್ನೂ ಕಾಣುತ್ತೇವೆ. ಅಣಕು ಹಂಚಿಕೆ ಇರುವುದು ಪಟ್ಟಿಯಲ್ಲಿ ಕೈತಪ್ಪು ಇದೆಯೇ, ಕೆಳಗೆ ಇನ್ನಷ್ಟು ಸೇರಿಸಬೇಕೇ ಎಂದು ನೋಡಲು. ಸೀಟು ಸಿಕ್ಕ ಮೇಲೆ ನಾಲ್ಕು ದಾರಿ: ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತಿಗೆ ಕಾಯುವುದು, ಒಪ್ಪದೆ ಕಾಯುವುದು, ಹೊರಬರುವುದು. ಕೈಯಲ್ಲಿ ಒಂದಿಟ್ಟುಕೊಂಡು ಕಾಯುವ ಎರಡನೆಯದು ತಾಳಿಕೆ ಬೆಳೆಸುವವರಿಗೆ ಒಳ್ಳೆಯ ಪಾಠ. ಮೂರನೆಯದನ್ನು ಆರಿಸುವ ಮೊದಲು ಆ ಹಾಳೆಯ ಬಲಗಡೆಯನ್ನು ಒಮ್ಮೆ ಓದಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ತುಸು ಬದಲಾಗುತ್ತವೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಪ್ಪ–ಅಮ್ಮನೇ ಓದಲಿ, ನೆಂಟರ ಬಾಯಿಂದ ಕೇಳುವುದು ಬೇಡ.

ಸರ್ಕಾರಿ ನೌಕರಿಯ ಪರೀಕ್ಷೆಗೆ ಗ್ರಂಥಾಲಯಗಳಲ್ಲಿ ಕೂತವರ ಕಷ್ಟ ಬೇರೆ. ಅಧಿಸೂಚನೆ ಯಾವಾಗ, ಪರೀಕ್ಷೆ ಯಾವಾಗ, ಆಯ್ಕೆಪಟ್ಟಿ ಯಾವಾಗ, ಯಾವುದಕ್ಕೂ ತಾರೀಖಿನ ಭರವಸೆ ಇಲ್ಲ. ಇವರಿಗೆ ತಾಳ್ಮೆ ಕಲಿಸುವುದು ಅನ್ಯಾಯ, ತಾಳ್ಮೆ ಅವರಲ್ಲಿ ಬೇಕಾದಷ್ಟಿದೆ. ಬೇಕಾದದ್ದು ಗಡಿ. ಓದಲು ಕೂರುವ ಮೊದಲೇ, ಮನಸ್ಸು ಸ್ಥಿಮಿತದಲ್ಲಿದ್ದಾಗ, ಎಷ್ಟನೇ ವಯಸ್ಸಿನವರೆಗೆ ಅಥವಾ ಎಷ್ಟು ಪ್ರಯತ್ನದವರೆಗೆ ಎಂದು ಬರೆದು, ಮನೆಯವರೊಬ್ಬರಿಗೆ ಓದಿ ಹೇಳಬೇಕು. ಸೋತ ದಿನ ನಿರ್ಧರಿಸಲು ಹೋದರೆ ‘ಇನ್ನೊಂದೇ ಸಲ’ ಎಂಬುದು ಬಂದೇ ಬರುತ್ತದೆ. ಜೊತೆಗೆ ದಿನಕ್ಕೆ ಎರಡು ಗಂಟೆಯಾದರೂ ಪರೀಕ್ಷೆಗೆ ಸಂಬಂಧವಿಲ್ಲದ, ದುಡ್ಡು ಹುಟ್ಟುವ ಅಥವಾ ಕೈಗೆ ಕಸುಬು ಬರುವ ಕೆಲಸ.

ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡಬೇಕೆಂದಿರುವ ಗೃಹಿಣಿಗೂ ಇದೇ ಲೆಕ್ಕ. ನಡೆಯುತ್ತದೋ ಇಲ್ಲವೋ ಎಂದು ಕೇಳುತ್ತ ಎರಡು ವರ್ಷ ಕಳೆಯುವ ಬದಲು, ಹೋದರೂ ಸಂಸಾರ ನಡೆಯುವಷ್ಟು ಹಣವನ್ನು ಎತ್ತಿಟ್ಟು, ಮೂರು ಅಂಗಡಿ, ಮೂರು ತಿಂಗಳು ಎಂದು ಗಡಿ ಹಾಕಿ ಶುರು ಮಾಡಬಹುದು. ವಾರವಾರ ಮರಳಿ ಬಂದ ರೊಟ್ಟಿ ಎಣಿಸಬೇಕು. ಮೂರು ತಿಂಗಳಿಗೆ ಮುಂಚೆ ‘ಕೈಬಿಡಲೇ’ ಎಂಬ ಪ್ರಶ್ನೆ ಎತ್ತಬಾರದು, ಮೂರು ತಿಂಗಳಾದ ಮೇಲೆ ಎತ್ತದೆ ಇರಬಾರದು.

ರೈತರಿಗೆ ನಾವು ಕಲಿಸುವುದು ಕಡಿಮೆ, ಅವರಿಂದ ಕಲಿಯುವುದೇ ಹೆಚ್ಚು. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎನ್ನುತ್ತಲೇ ಅವರು ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಾರೆ. ಶೇಂಗಾ ಬೇರೆ ಹೊತ್ತಿನಲ್ಲಿ ಮಳೆ ಬೇಡುತ್ತದೆ, ತೊಗರಿ ಬೇರೆ ಹೊತ್ತಿನಲ್ಲಿ. ಒಂದು ಹೋದರೆ ಇನ್ನೊಂದು. ಮಳೆ ಹೇಗೆ ಬರುತ್ತದೆಂದು ಗೊತ್ತಿದ್ದರೆ ಅಕ್ಕಡಿಯ ಅಗತ್ಯವೇ ಇರುತ್ತಿರಲಿಲ್ಲ. 2016ರಿಂದಿರುವ ಫಸಲ್ ಬಿಮಾ ಯೋಜನೆಯ ಮುಂಗಾರು ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳ ವಿಮೆಗೆ ರೈತರ ಪಾಲು ವಿಮಾ ಮೊತ್ತದ ಶೇ 2 ಮಾತ್ರ. ಆಲಿಕಲ್ಲು, ಹೊಲ ಮುಳುಗಡೆಯಂಥ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬುದನ್ನು ಮರೆತು ಪರಿಹಾರ ಕಳೆದುಕೊಳ್ಳುವವರಿದ್ದಾರೆ. ತಿಳಿಸಬೇಕಾದ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿಡುವುದು, ರಾತ್ರಿಯಿಡೀ ಮುಗಿಲು ನೋಡುವುದಕ್ಕಿಂತ ಮೇಲು. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ, ಅಂದರೆ ಮಾರಿಕಣಿವೆ ಅಣೆಕಟ್ಟನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿತ್ತು. ಮುಂದಿನ ಕೋಡಿ 2022ರಲ್ಲಿ, 89 ವರ್ಷಗಳ ಮೇಲೆ. ಇನ್ನು ನಮ್ಮ ಕಾಲಕ್ಕಿಲ್ಲ ಎಂದುಕೊಂಡವರಿದ್ದರು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹಿಂದಿನ ಲೆಕ್ಕ ಹಿಡಿದು ತಾರೀಖು ಹೇಳುವವರನ್ನು ಎಷ್ಟು ನಂಬಬೇಕು ಎಂಬುದು ಹಿರಿಯೂರಿನವರಿಗೆ ಗೊತ್ತು.

ಇಷ್ಟು ಮಾಡಿಯೂ ಬಗ್ಗದ ಚಿಂತೆ ಇದೆ. ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ, ಹಲವು ವಿಷಯಗಳಿಗೆ ಹಿಡಿತಕ್ಕೆ ಸಿಗದ ಚಿಂತೆ. ಜೊತೆಗೆ ನಿದ್ದೆಗೇಡು, ಮೈಕೈ ಬಿಗಿತ, ಬೇಗ ಸುಸ್ತು, ಸಿಡುಕು, ಚಡಪಡಿಕೆ, ಓದಿದ್ದು ತಲೆಗೆ ಹತ್ತದಿರುವುದು, ಇವುಗಳಲ್ಲಿ ಮೂರಾದರೂ ಇದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಡೆಸಿದ ಕೆಲಸ. ಇಲ್ಲಿಯವರು ನಾಚಿಕೆಪಡಬೇಕಾದ ವಿಷಯವೇನಲ್ಲ ಇದು. ಫಲಿತಾಂಶದ ಹೊತ್ತಿನಲ್ಲಿ ಹುಡುಗನೋ ಹುಡುಗಿಯೋ ‘ನಾನಿದ್ದು ಏನು ಪ್ರಯೋಜನ’ ಎಂದರೆ ಮೇಲೆ ಹೇಳಿದ ಯಾವ ಅಭ್ಯಾಸವನ್ನೂ ಹಿಡಿದು ಕೂರಬೇಡಿ. ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ.

ತಮ್ಮ ಪತ್ರಿಕೆಗೆ ಮೂರು ಕೋರಿಕೆ. ಫಲಿತಾಂಶದ ವಾರಗಳಲ್ಲಿ ‘ಈ ಬಾರಿ ಕಟಾಫ್ ಏರಿಕೆ ಸಾಧ್ಯತೆ’ ಎಂಬಂಥ ಊಹೆಯ ತಲೆಬರಹಗಳನ್ನು ಬಿಡಿ. ಆ ಜಾಗದಲ್ಲಿ ಯಾವ ದಿನ ಏನು ಪ್ರಕಟವಾಗಲಿದೆ, ಅಷ್ಟರೊಳಗೆ ಯಾವ ದಾಖಲೆ ಸಿದ್ಧವಿರಬೇಕು ಎಂಬ ಚಿಕ್ಕ ಪಟ್ಟಿ ಹಾಕಿ. ತಾರೀಖು ಪ್ರಕಟವಾಗಿಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಎರಡನೆಯದಾಗಿ, ಹವಾಮಾನ ಇಲಾಖೆಯ ಮಾತುಗಳ ಅರ್ಥವನ್ನು ಮಳೆ ಸುದ್ದಿಯ ಕೆಳಗೆ ದಿನವೂ ಒಂದು ಸಾಲಿನಲ್ಲಿ ಕೊಡಿ: ‘ಒಂದೆರಡು ಕಡೆ’ ಎಂದರೆ ಒಟ್ಟು ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗಿನ ಕೇಂದ್ರಗಳಲ್ಲಿ ಮಳೆ, ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಶೇ 51ರಿಂದ 75, ‘ಬಹುತೇಕ ಕಡೆ’ ಅದಕ್ಕೂ ಮೇಲೆ. ಇದು ಗೊತ್ತಿಲ್ಲದೆ ‘ಕೆಲವು ಕಡೆ ಮಳೆ’ ಎಂದು ಓದಿದವರು ನಮ್ಮ ಹೊಲಕ್ಕೆ ಬರಲಿಲ್ಲ, ಇಲಾಖೆ ಸುಳ್ಳು ಹೇಳಿತು ಎನ್ನುತ್ತಾರೆ. ಕೊನೆಯದಾಗಿ, ರ‍್ಯಾಂಕ್ ಪಡೆದವರ ಫೋಟೊ ಹಾಕುವ ಪುಟದಲ್ಲೇ ಮುಂದಿನ ಪರೀಕ್ಷೆಗೆ ನೋಂದಣಿ ಹೇಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಎಲ್ಲಿ, 14416 ಎಂದರೇನು ಎಂಬುದಕ್ಕೆ ನಾಲ್ಕು ಇಂಚು ಜಾಗ ಕೊಡಿ. ಫೋಟೊದಲ್ಲಿಲ್ಲದ ಮಕ್ಕಳು ಅಂದು ಬೆಳಿಗ್ಗೆ ನೋಡುವುದೂ ಆ ಪುಟವನ್ನೇ.

– ಕಾಲೇಜು ಆಪ್ತಸಮಾಲೋಚಕರು, ದಾವಣಗೆರೆ